ಗೊಬ್ಬರಕ್ಕೆ ಬಂದ ಜ್ವರ

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನಮ್ಮ ಕಾಂಪೌಂಡರನ ಕಣ್ಣಿಗೆ ಕಾಮಾಲೆ ಏನೂ ಇರಲಿಲ್ಲ. ಆದರೆ ಇಪ್ಪತ್ತು ವರ್ಷ ಒಂದೇ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು, ಒಳಗೆ ಹೋಗುವವರಿಗೆಲ್ಲ ಥರ್ಮಾಮೀಟರ್ ಇಟ್ಟು ಇಟ್ಟು, ಈ ಲೋಕದಲ್ಲಿರುವುದು ಎರಡೇ ಜಾತಿ ಎಂಬ ತೀರ್ಮಾನಕ್ಕೆ ಅವನು ಬಂದುಬಿಟ್ಟಿದ್ದ: ಜ್ವರ ಇರುವವರು, ಜ್ವರ ಇಲ್ಲದವರು. ಮನೆಗೆ ಬಂದ ನೆಂಟರನ್ನು ಕೂತುಕೊಳ್ಳಿ ಎನ್ನುವ ಮೊದಲೇ ಅವರ ಮುಂಗೈ ಹಿಡಿದು ನೋಡುತ್ತಿದ್ದ. ಇಸ್ತ್ರಿ ಪೆಟ್ಟಿಗೆ ಕಾದಿದೆಯೇ ಎಂದು ಹೆಂಡತಿ ಕೇಳಿದರೆ, "ನೂರಾ ಎರಡು ದಾಟಿದೆ ಕಣೇ, ಸ್ವಲ್ಪ ರೆಸ್ಟ್ ಕೊಡು" ಎನ್ನುತ್ತಿದ್ದ.

ಇಂಥ ಮನುಷ್ಯ ತನ್ನ ಪಾಡಿಗೆ ಮಾತ್ರೆ ಎಣಿಸಿಕೊಂಡು ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡ.

ಇರುವೆಯ ವಿವರ ಹೀಗಿದೆ. ಶಾಲೆಯ ಹಿಂದೆ, ನೀರಿನ ಟ್ಯಾಂಕಿನ ಪಕ್ಕ ಒಂದು ಖಾಲಿ ಜಾಗವಿತ್ತು. ಸುತ್ತಮುತ್ತ ಯಾರು ಮನೆ ಕೆಡವಿದರೂ ಇಟ್ಟಿಗೆ ಚೂರು, ಗಾರೆ, ಒಡೆದ ಹೆಂಚು ಎಲ್ಲವೂ ಅಲ್ಲಿಗೇ ಬರುತ್ತಿತ್ತು. ಅದನ್ನು ಮಕ್ಕಳಿಗೆ ತರಕಾರಿ ತೋಟ ಮಾಡಿಕೊಡಬೇಕು ಎಂದು ಶಾಲೆಯ ಟೀಚರ್ ಒಬ್ಬರು ಹೊರಟರು. ಅವರ ಹಿಂದೆ ಬೀದಿಯ ಹತ್ತಾರು ಜನ ಹೊರಟರು. ಸಂಬಳವಿಲ್ಲ, ಸನ್ಮಾನವಿಲ್ಲ, ಸಂಜೆ ಕೆಲಸ ಮುಗಿಸಿ ಬಂದು ಕಲ್ಲು ಹೊರುವುದು. ವಾರ್ಡ್ ಆಫೀಸಿನ ಇನ್ಸ್‌ಪೆಕ್ಟರ್ ಜಾಗವನ್ನೇನೋ ಕೊಟ್ಟರು, ಆದರೆ ಹೊಟ್ಟೆನೋವು ಬಂದವರಂತೆ ಮುಖ ಮಾಡಿಕೊಂಡು ಕೊಟ್ಟರು.

"ರಜೆ ಮುಗಿದು ಶಾಲೆ ತೆರೆಯೋ ದಿನ ಬರ್ತೀನಿ," ಎಂದರು. "ಮಕ್ಕಳು ಬೀಜ ಹಾಕೋ ಅಂಥ ಮಣ್ಣು ಕಂಡ್ರೆ ಜಾಗ ನಿಮ್ದು. ಕಾಣ್ಲಿಲ್ವೋ, ಕಲ್ಲು ಹಾಸಿಬಿಡ್ತೀನಿ. ಆಫೀಸಿನ ಗಾಡಿಗಳು ಬಿಸಿಲಲ್ಲಿ ನಿಂತಿವೆ ಪಾಪ."

ಕಲ್ಲೆಲ್ಲ ಹೊತ್ತು ಹಾಕಿದ ಮೇಲೆ ಕೆಳಗೆ ಸಿಕ್ಕ ಮಣ್ಣು ಹಳೇ ಗೋಡೆಯಷ್ಟು ಗಟ್ಟಿ, ಗಾರೆಯಷ್ಟು ಬಿಳಿ. ಅದರಲ್ಲಿ ಹುಲ್ಲು ಕೂಡ ಹುಟ್ಟಲು ಹಿಂದೆಮುಂದೆ ನೋಡುತ್ತಿತ್ತು. ಅಂಗಡಿಯ ಗೊಬ್ಬರ ತಂದು ಸುರಿಯೋಣ ಎಂದರೆ ಟೀಚರ್ ಒಪ್ಪಲಿಲ್ಲ. "ಮಕ್ಕಳು ಗಿಡದಿಂದ ಕಿತ್ತು ಹಾಗೇ ಬಾಯಿಗೆ ಹಾಕ್ಕೊಳ್ತಾರೆ ಕಣ್ರೀ. ತೊಳೆಯೋ ಪುರುಸೊತ್ತು ಮಕ್ಕಳಿಗೆ ಇರಲ್ಲ. ಇಲ್ಲಿ ಪುಡಿನೂ ಬೇಡ, ವಿಷಾನೂ ಬೇಡ," ಎಂದರು. ಹಾಗಾಗಿ ಎಲ್ಲರೂ ಸೇರಿ ಒಣಗಿದ ಎಲೆ, ಸಗಣಿ, ಮನೆಮನೆಯ ತರಕಾರಿ ಸಿಪ್ಪೆ ಇವನ್ನೆಲ್ಲ ಪದರ ಪದರವಾಗಿ ಹಾಕಿ ಎದೆಯೆತ್ತರದ ಒಂದು ಗುಡ್ಡೆ ಕಟ್ಟಿದರು. ಶಾಲೆ ತೆರೆಯುವಷ್ಟರಲ್ಲಿ ಅದು ಕಳಿತು ಗೊಬ್ಬರವಾಗಬೇಕು. ಗೊಬ್ಬರವಾದರೆ ತೋಟ, ಇಲ್ಲದಿದ್ದರೆ ಗಾಡಿ ಸ್ಟ್ಯಾಂಡು. ಮಕ್ಕಳಂತೂ ಆಗಲೇ ತಮ್ಮ ತಮ್ಮ ಪಾತಿಗೆ ಕಲ್ಲಿಟ್ಟು ಗುರುತು ಮಾಡಿಕೊಂಡಿದ್ದರು. ಎರಡನೇ ಕ್ಲಾಸಿನಲ್ಲಿದ್ದ ಕಾಂಪೌಂಡರನ ಮಗಳು ಕುಂಬಳ ಹಾಕುವುದೆಂದು ನಿರ್ಧರಿಸಿ, ಬಳ್ಳಿ ಹಬ್ಬಲು ಬೇಕೆಂದು ಪಕ್ಕದವಳ ಕಲ್ಲನ್ನು ದಿನಾ ಸ್ವಲ್ಪ ಸ್ವಲ್ಪ ಆಚೆ ತಳ್ಳುತ್ತಿದ್ದಳು.

ಅಷ್ಟರಲ್ಲಿ ಟೀಚರಿಗೆ ತಂಗಿಯ ಬಾಣಂತನಕ್ಕೆ ಹೋಗಬೇಕಾಗಿ ಬಂತು. ಹೊರಡುವ ಮೊದಲು ಎಲ್ಲರನ್ನೂ ಗುಡ್ಡೆಯ ಸುತ್ತ ನಿಲ್ಲಿಸಿ, "ನಾನು ಬರೋವರೆಗೆ ಇದನ್ನ ಯಾರು ನೋಡ್ಕೊಳ್ತೀರಿ?" ಎಂದು ಕೇಳಿದರು.

ಎಲ್ಲರೂ ಪಕ್ಕದವರ ಮುಖ ನೋಡಿದರು. ಕಾಂಪೌಂಡರನೂ ಪಕ್ಕದವನ ಮುಖ ನೋಡಿದ. ಅವನ ಗ್ರಹಚಾರಕ್ಕೆ ಪಕ್ಕದಲ್ಲಿ ನಿಂತಿದ್ದವನು ಟೈಲರ್.

"ನೀವೇ ನೋಡ್ಕೊಳ್ರೀ ಕಾಂಪೌಂಡ್ರೇ," ಎಂದು ಶುರು ಮಾಡಿದ ಟೈಲರ್ ತಾನೇ ತಲೆಯಾಡಿಸಿಬಿಟ್ಟ. "ಬೇಡ, ಬೇಡ. ಮಾತ್ರೆ ಎಣಿಸೋರಿಗೆ ಮಣ್ಣಿನ ವಿಷಯ ಏನು ಗೊತ್ತಾಗುತ್ತೆ, ಪಾಪ."

ಆ 'ಪಾಪ' ಒಂದು ಇಲ್ಲದಿದ್ದರೆ ನಡೆದುಹೋಗುತ್ತಿತ್ತು. ಮಗಳು ಅಪ್ಪನನ್ನೇ ನೋಡುತ್ತಿದ್ದಳು.

"ಯಾಕ್ರೀ ಗೊತ್ತಾಗಲ್ಲ? ಗೊಬ್ಬರ ಅನ್ನೋದು ನಮ್ಮ ವಂಶದಲ್ಲೇ ಇದೆ," ಎಂದ ಕಾಂಪೌಂಡರ್. "ನಮ್ಮ ತಾತ ಒಂದು ಹಿಡಿ ಮೂಸಿ ನೋಡಿ ಯಾವ ಗುಡ್ಡೆಗೆ ಎಷ್ಟು ವಯಸ್ಸು ಅಂತ ಹೇಳ್ತಿದ್ರು. ಎಲ್ಲೆಲ್ಲಿಂದಲೋ ಜನ ಬುಟ್ಟೀಲಿ ಗೊಬ್ಬರ ಹೊತ್ಕೊಂಡು ಬರ್ತಿದ್ರು, ತೋರಿಸ್ಕೊಂಡು ಹೋಗೋಕೆ!"

ತಾತ ಕೊಡೆ ರಿಪೇರಿ ಮಾಡುತ್ತಿದ್ದವರು. ಅಲ್ಲೇ ಇದ್ದ ಹೆಂಡತಿ ಇದನ್ನು ಕೇಳಿ ಸುಮ್ಮನೆ ಆಕಾಶ ನೋಡಿದಳು.

"ಹಾಗಾದ್ರೆ ಒಳ್ಳೇದೇ ಆಯ್ತು!" ಎಂದರು ಟೀಚರ್, ಮುಖವರಳಿಸಿ. "ನಾನು ಎಲ್ಲಾ ಬಿಡಿಸಿ ಹೇಳ್ಬೇಕು ಅಂತಿದ್ದೆ. ನಿಮಗೆ ನಾನೇನು ಹೇಳಿಕೊಡೋದು! ದಿನಾ ಬಿಸಿ ಎಷ್ಟಿದೆ ನೋಡ್ತಿರಿ, ಅಷ್ಟು ಸಾಕು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಟೀಚರ್ ಬಸ್ಸು ಹತ್ತಿದರು. ಕಾಂಪೌಂಡರ್ ಗುಡ್ಡೆಯ ಪಕ್ಕ ಉಳಿದ.

ಒಂದೆರಡು ದಿನ ಗುಡ್ಡೆ ಸಭ್ಯವಾಗಿಯೇ ಇತ್ತು. ಆಮೇಲೊಂದು ಬೆಳಿಗ್ಗೆ ಹೋಗಿ ನೋಡುತ್ತಾನೆ, ನೆತ್ತಿಯ ಮೇಲಿಂದ ಸಣ್ಣಗೆ ಹಬೆ ಏಳುತ್ತಿದೆ. ಒಳಗೆ ಕೈ ತೂರಿಸಿದ. ತೂರಿಸಿದ ವೇಗದಲ್ಲೇ ಹೊರಗೆ ತೆಗೆದ. ಓಡಿಹೋಗಿ ಕ್ಲಿನಿಕ್ಕಿನ ಥರ್ಮಾಮೀಟರ್ ತಂದು ಗುಡ್ಡೆಯ ಪಕ್ಕೆಗೆ ಚುಚ್ಚಿದ. ಅದು ಸರಸರನೆ ಏರಿ, ನೂರೆಂಟಕ್ಕೆ ಬಂದು, ಇನ್ನು ಮುಂದಿನದು ನನಗೆ ಗೊತ್ತಿಲ್ಲ ಎನ್ನುವಂತೆ ಎರಡು ಗೀಟು ತೋರಿಸಿ ಕೀ ಕೀ ಎಂದು ಅರಚಿಕೊಂಡಿತು.

ನೂರೆಂಟು! ಇಪ್ಪತ್ತು ವರ್ಷದಲ್ಲಿ ಆ ಬಾಗಿಲು ದಾಟಿದ ಒಬ್ಬ ರೋಗಿಯೂ ನೂರಾ ಐದರ ಮೇಲೆ ಹೋಗಿರಲಿಲ್ಲ. ಟೀಚರಿಗೆ ಫೋನ್ ಮಾಡಿ ಕೇಳಬಹುದಿತ್ತು. ಆದರೆ ವಂಶವನ್ನೇ ತಂದು ನಿಲ್ಲಿಸಿದ ಮೇಲೆ ಮೂರೇ ದಿನಕ್ಕೆ ಫೋನ್ ಮಾಡಿದರೆ ಆ ತಾತನ ಮಾನ ಏನಾದೀತು? ಕಾಂಪೌಂಡರ್ ಸೀದಾ ಡಾಕ್ಟರ ಹತ್ತಿರ ಹೋದ.

ಡಾಕ್ಟರು ಔಷಧಿ ಚೀಟಿ ಗೀಚುತ್ತಿದ್ದರು.

"ಸಾರ್, ಒಂದು ಕೇಸು. ಮೈ ಸುಡ್ತಾ ಇದೆ. ಥರ್ಮಾಮೀಟರ್ ಮೀರಿ ಹೋಗಿದೆ."

"ಒದ್ದೆ ಬಟ್ಟೆ ಹಾಕು. ಗಾಳಿ ಆಡಲಿ. ಐಸ್ ಇಡು," ಎಂದರು ಡಾಕ್ಟರು, ತಲೆ ಎತ್ತದೆ. "ವಯಸ್ಸೆಷ್ಟು?"

"ಮೂರು ದಿನ ಸಾರ್."

ಪೆನ್ನು ಕೆಳಗೆ ಬಿತ್ತು. "ಮೂರು ದಿನದ ಕೂಸಾ? ಏನಯ್ಯಾ ಇಲ್ಲಿ ನಿಂತಿದೀಯಾ? ತಕ್ಷಣ ಎತ್ಕೊಂಡು ಬಾ!"

"ಎತ್ತೋಕಾಗಲ್ಲ ಸಾರ್. ತರೋದಾದ್ರೆ ಲಾರಿ ಬೇಕು."

"ತೂಕ ಎಷ್ಟಯ್ಯಾ ಅದು?"

"ಸಗಣಿ ಎಲ್ಲಾ ಸೇರಿ ಒಂದು ಟನ್ ಇರಬಹುದು."

ಡಾಕ್ಟರು ಕನ್ನಡಕ ತೆಗೆದು ಅವನನ್ನು ಸ್ವಲ್ಪ ಹೊತ್ತು ನೋಡಿದರು. ಮೇಜಿನ ಮೇಲಿದ್ದ ಸೂಜಿ, ಕತ್ತರಿಗಳನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. "ನೀನು ಇವತ್ತು ಮನೆಗೆ ಹೋಗಪ್ಪಾ. ಚೆನ್ನಾಗಿ ನಿದ್ದೆ ಮಾಡು," ಎಂದರು.

ರಜೆ ಸಿಕ್ಕಿತು, ಚಿಕಿತ್ಸೆಯೂ ಸಿಕ್ಕಿತು. ಕಾಂಪೌಂಡರ್ ಮನೆಗೆ ನುಗ್ಗಿ ಬೀರುವಿನಲ್ಲಿದ್ದ ಹಾಸಿಗೆ ಹೊದಿಕೆಗಳನ್ನೆಲ್ಲ ಬಕೆಟ್ಟಿಗೆ ತುಂಬಿದ.

"ರೀ, ಅದು ಹೊಸದು!" ಎಂದಳು ಹೆಂಡತಿ.

"ಜೀವ ಹೋಗ್ತಿರೋವಾಗ ಹೊಸದು ಹಳೇದು ಅಂತೀಯಲ್ಲೇ!"

"ಯಾರ ಜೀವ?"

ಆದರೆ ಅವನು ಆಗಲೇ ರಸ್ತೆಯಲ್ಲಿದ್ದ. ಕೈಲಾದವರೆಲ್ಲ ಕೈ ಜೋಡಿಸಿದರು. ಒಳಗೆ ಗಾಳಿ ಆಡಲೆಂದು ಗುಡ್ಡೆಯನ್ನು ಎಳೆದೆಳೆದು ನೆಲದ ಮೇಲೆ ತೆಳ್ಳಗೆ ಹರಡಿದರು. ತಣ್ಣೀರು ಹೊಯ್ದು ಒದ್ದೆ ಬಟ್ಟೆ ಹೊದಿಸಿದರು. ಜ್ಯೂಸ್ ಅಂಗಡಿಯಿಂದ ಐಸ್ ಗಡ್ಡೆ ಬಂತು. ಎಲೆಕ್ಟ್ರಿಷಿಯನ್ ಶಾಲೆಯ ಕಿಟಕಿಯಿಂದ ವೈರು ಎಳೆದು ಟೇಬಲ್ ಫ್ಯಾನ್ ಇಟ್ಟ. ಟೈಲರ್ ಕೂಡ ಹಗೆ ಮರೆತು, "ತಲೆ ಕಡೆ ಜಾಸ್ತಿ ಬಿಸಿ ಇದೆ ಕಣ್ರೀ, ಅಲ್ಲಿಗಿನ್ನೊಂದು ಬಟ್ಟೆ ಹಾಕಿ," ಎಂದು ಓಡಾಡಿದ. ತಲೆ ಯಾವ ಕಡೆ ಎಂದು ಯಾರೂ ಕೇಳಲಿಲ್ಲ. ನಾಲ್ಕು ಜನ ಸೇರಿ ಮಾಡುವ ತಪ್ಪಿಗೆ ಒಂದು ಶೋಭೆ ಇರುತ್ತದೆ, ಅದರ ಮಧ್ಯೆ ಪ್ರಶ್ನೆ ಹಾಕುವವನೇ ದಡ್ಡ ಎನಿಸಿಕೊಳ್ಳುತ್ತಾನೆ.

ಇದನ್ನೆಲ್ಲ ಮೂಲೆಮನೆ ಅಜ್ಜಿ ತಮ್ಮ ಕಿಟಕಿಯಿಂದ ನೋಡುತ್ತಿದ್ದರು. ಕಿಟಕಿಗೂ ತೋಟಕ್ಕೂ ನಡುವೆ ಕಾಂಪೌಂಡ್ ಗೋಡೆ ಅಡ್ಡ ಇದ್ದುದರಿಂದ ಅವರಿಗೆ ಕಾಣುತ್ತಿದ್ದುದು ಗೋಡೆಯ ಮೇಲಿನ ಅರ್ಧ ಮಾತ್ರ: ಬಗ್ಗುವ ಕಾಂಪೌಂಡರ್, ಹಿಂಡುವ ಬಟ್ಟೆ, ಐಸು, ಫ್ಯಾನು, ಆತಂಕದ ಮುಖಗಳು. ಉಳಿದ ಅರ್ಧವನ್ನು ಅಜ್ಜಿ ಸ್ವಂತ ಬುದ್ಧಿಯಿಂದ ತುಂಬಿಕೊಂಡರು.

ಎರಡು ದಿನದ ಆರೈಕೆಯ ಮೇಲೆ ಥರ್ಮಾಮೀಟರ್ ತೊಂಬತ್ತೆಂಟರ ಹತ್ತಿರ ಬಂದು ನಿಂತಿತು. "ನಾರ್ಮಲ್!" ಎಂದು ಕಾಂಪೌಂಡರ್ ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಟೈಲರ್ ಬಂದು ಅಪ್ಪಿಕೊಂಡ. ಮಗಳು ಬೀದಿಯ ಮಕ್ಕಳಿಗೆಲ್ಲ, "ನಮ್ಮಪ್ಪ ಗೊಬ್ಬರಾನ ಬದುಕಿಸಿದ್ರು," ಎಂದು ಸಾರಿಕೊಂಡು ಬಂದಳು.

ಟೀಚರ್ ಹಿಂದಿರುಗಿದ ದಿನ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದ.

"ಹೇಗಿದೆ ಕಾಂಪೌಂಡ್ರೇ? ಚೆನ್ನಾಗಿ ಕಾದಿದೆಯಾ?"

"ಕಾದಿತ್ತು ಟೀಚರ್. ವಿಪರೀತ ಕಾದಿತ್ತು. ನಾವು ಬಿಡ್ತೀವಾ? ಪೂರ್ತಿ ಇಳಿಸಿದೀವಿ. ಈಗ ಮಂಜುಗಡ್ಡೆ!"

ಟೀಚರ್ ನಿಂತಲ್ಲೇ ನಿಂತರು. ಹೋಗಿ ಆ ಒದ್ದೆ ಮುದ್ದೆಯೊಳಗೆ ಕೈಯಿಟ್ಟರು. ಆಮೇಲೆ ಮೆಲ್ಲಗೆ, "ಅದು ಜ್ವರ ಅಲ್ಲ ಕಾಂಪೌಂಡ್ರೇ," ಎಂದರು. "ಒಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಗಳಿರ್ತವೆ. ಅವು ಎಲೆ ಸಗಣಿ ಎಲ್ಲಾ ತಿಂದು ಅರಗಿಸ್ತಾ ಇರೋವಾಗ ಆ ಬಿಸಿ ಬರೋದು. ಬಿಸಿ ಇದ್ರೇನೇ ಗೊಬ್ಬರ. ಈಗ ಅವು ಕೆಲಸ ನಿಲ್ಲಿಸಿಬಿಟ್ಟಿವೆ."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಕೊಡಬಹುದು, ಇಲ್ಲವೇ ಕೋಪ ಮಾಡಿಕೊಂಡು ಮನೆಗೆ ಹೋಗಬಹುದು. ಟೀಚರ್ ಬೈಯಲಿಲ್ಲ. ಕಾಂಪೌಂಡರನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು, ಆದರೆ ಆ ಗಾರೆ ನೆಲ ಬಾಯಿ ಬಿಡುವಂಥದ್ದಾಗಿರಲಿಲ್ಲ.

ಎಲ್ಲರೂ ತಲೆ ಮೇಲೆ ಕೈಹೊತ್ತು ಕೂತರು. ಟೇಬಲ್ ಫ್ಯಾನ್ ಮಾತ್ರ ಇನ್ನೂ ತಿರುಗುತ್ತಿತ್ತು. ಎಲೆಕ್ಟ್ರಿಷಿಯನ್ ಹೋಗಿ ಅದನ್ನು ಆರಿಸಿ, ತಾನು ಇಟ್ಟದ್ದೇ ಅಲ್ಲವೆಂಬಂತೆ ದೂರ ಬಂದು ನಿಂತ.

"ಒಂದು ಕೆಲಸ ಮಾಡೋಣ," ಎಂದ ಟೈಲರ್, ದನಿ ತಗ್ಗಿಸಿ. "ಅಂಗಡಿ ಗೊಬ್ಬರ ನಾಲ್ಕು ಮೂಟೆ ತಂದು ಕಲಸಿಬಿಡೋಣ. ಮೇಲೆ ಒಂದಿಷ್ಟು ಎಲೆ ಉದುರಿಸಿದ್ರೆ ಯಾರಿಗೆ ಗೊತ್ತಾಗುತ್ತೆ?"

ಯಾರೂ ಬೇಡ ಎನ್ನಲಿಲ್ಲ. ಬೇಡ ಎನ್ನಬೇಕಾದ ಟೀಚರ್ ಕೂಡ ಸುಮ್ಮನೆ ಕೂತಿದ್ದರು. ಆಗ ಕಾಂಪೌಂಡರ್ ಎದ್ದು ನಿಂತ.

"ಆಗಲ್ಲ," ಎಂದ. "ನನ್ನ ಮಗಳು ಕಿತ್ತು ಹಾಗೇ ತಿನ್ನೋಳು. ತೊಳಿಯೇ ಅಂದ್ರೆ ಲಂಗಕ್ಕೆ ಒರೆಸ್ಕೊಂಡು ತಿನ್ನೋಳು. ಇಳಿಸಿದವನು ನಾನು. ಏರಿಸೋನೂ ನಾನೇ. ಏನು ಮಾಡ್ಬೇಕು ಹೇಳಿ ಟೀಚರ್."

"ನಿಮ್ಮ ತಾತ ಏನು ಮಾಡ್ತಿದ್ರು?" ಎಂದ ಟೈಲರ್.

"ಕೊಡೆ ರಿಪೇರಿ ಮಾಡ್ತಿದ್ರು ಕಣ್ರೀ!" ಎಂದು ಕಾಂಪೌಂಡರ್ ಅಬ್ಬರಿಸಿದ ಅಬ್ಬರಕ್ಕೆ ಟೈಲರ್ ಎರಡು ಹೆಜ್ಜೆ ಹಿಂದೆ ಸರಿದ.

ಟೀಚರಿಗೆ ನಗು ಬಂತು. ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಒದ್ದೆ ಹೀರಲು ಒಣ ಎಲೆ ಬೇಕು, ಹೊಸ ಸಗಣಿ ಬೇಕು, ಹಸಿ ಸಿಪ್ಪೆ ಬೇಕು. ಎಲ್ಲವನ್ನೂ ಬೆರೆಸಿ ಮತ್ತೆ ಎತ್ತರಕ್ಕೆ ಕಟ್ಟಬೇಕು. ಬಿಸಿ ಬಂದ ಮೇಲೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಎಂದು ಮತ್ತೆ ಮತ್ತೆ ತಿರುವಿ ಹಾಕಬೇಕು. ಹೀಗೆ ಬೆನ್ನು ಬಿಡದೆ ಮಾಡಿದರೆ ಶಾಲೆ ತೆರೆಯುವಷ್ಟರಲ್ಲಿ ಆದರೂ ಆಗಬಹುದು ಎಂದರು.

ಬದುಕಿಡೀ ಜ್ವರ ಇಳಿಸಿದ ಮನುಷ್ಯ ಈಗ ಜ್ವರ ಬರಿಸಲು ಟೊಂಕ ಕಟ್ಟಿದ. ಬೆಳಿಗ್ಗೆ ಕ್ಲಿನಿಕ್ಕಿಗೆ ಮೊದಲು ಮನೆಮನೆಯ ಅಡುಗೆಮನೆ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತ. "ಸಿಪ್ಪೆ ಬಂತಾ?" ಎಂದು ಕೇಳಿದ ಗತ್ತಿಗೆ ಕೆಲವರು ಇನ್ನೂ ಹೆಚ್ಚದ ತರಕಾರಿಯನ್ನೇ ಕೊಟ್ಟುಬಿಟ್ಟರು. ಟೀ ಅಂಗಡಿಯ ಚರಟ ತಂದ. ಕ್ಷೌರದಂಗಡಿಯ ಕೂದಲು ತಂದ. ಹಾಲಿನ ಡೇರಿಯಿಂದ ಸಗಣಿ ಹೊತ್ತು ತಂದ. ಸಂಜೆ ಕವೆಗೋಲು ಹಿಡಿದು ಕಲಸಿದ. ಅಂಗೈಯಲ್ಲಿ ಬೊಬ್ಬೆ ಎದ್ದವು, ಒಡೆದವು, ಮತ್ತೆ ಎದ್ದವು. ಅವನೊಬ್ಬನೇ ಎಂದಲ್ಲ. ಟೈಲರ್ ಬಂದ, ಎಲೆಕ್ಟ್ರಿಷಿಯನ್ ಬಂದ, ಎಲ್ಲರೂ ಬಂದರು. ಆದರೆ ಎಲ್ಲರೂ ಹೋದ ಮೇಲೂ ಗುಡ್ಡೆಯ ಪಕ್ಕಕ್ಕೆ ಥರ್ಮಾಮೀಟರ್ ಚುಚ್ಚಿ ಕೂರುತ್ತಿದ್ದವನು ಅವನೊಬ್ಬನೇ. ಅದು ತೊಂಬತ್ತರ ಆಸುಪಾಸಿನಲ್ಲೇ ಹೊರಳಾಡುತ್ತಿತ್ತು.

ಈ ಚಿಂತೆ ಕ್ಲಿನಿಕ್ಕಿಗೂ ನುಗ್ಗಿತು. ಒಬ್ಬ ಹೆಂಗಸು ನಡುಗುತ್ತ ಬಂದರು. ಥರ್ಮಾಮೀಟರ್ ನೋಡಿದ ಕಾಂಪೌಂಡರನ ಕಣ್ಣು ಅರಳಿತು.

"ನೂರಾ ನಾಲ್ಕು! ಎಷ್ಟು ಚೆನ್ನಾಗಿ ಏರಿದೆ! ಎಷ್ಟು ದಿನ ಹಿಡೀತಮ್ಮಾ?"

"ನಿನ್ನೆ ರಾತ್ರಿಯಿಂದ..." ಎಂದರು ಆಕೆ, ಹಲ್ಲು ಕಟಕಟಿಸುತ್ತ.

"ಒಂದೇ ರಾತ್ರಿಗಾ?" ಎಂದ ಅವನು, ಹೊಟ್ಟೆಕಿಚ್ಚು ತಡೆಯಲಾಗದೆ. "ಏನು ತಿಂದಿದ್ರಿ?"

ಆಕೆ ಒಳಗೆ ಹೋಗಿ ಡಾಕ್ಟರಿಗೆ ದೂರು ಕೊಟ್ಟರು. ಡಾಕ್ಟರು ಅವನಿಗೆ ಇನ್ನೊಂದು ದಿನ ರಜೆ ಕೊಟ್ಟರು.

ಆ ರಜೆಯ ದಿನವೇ ಮಾವ ಬಂದರು, ಅಂದರೆ ಹೆಂಡತಿಯ ಅಪ್ಪ. ಅವರಿಗೆ ಎಂಥ ಬೇಸಗೆಯಲ್ಲೂ ಮಧ್ಯಾಹ್ನ ಮಲಗುವಾಗ ಕಾಲಿನ ಮೇಲೆ ಕಂಬಳಿ ಬೇಕು. ಮಗಳ ಮನೆಯಲ್ಲಿ ಅವರದೆಂದೇ ಒಂದು ದಪ್ಪ ಕಂಬಳಿ ಇತ್ತು.

"ನನ್ನ ಕಂಬಳಿ ಎಲ್ಲಮ್ಮಾ?" ಎಂದರು ಮಾವ.

"ಅಳಿಯಂದ್ರನ್ನ ಕೇಳಿ," ಎಂದಳು ಮಗಳು.

ಮಾವ ಕೋಲೂರಿಕೊಂಡು ತೋಟಕ್ಕೆ ಹೋದರು. ಗುಡ್ಡೆ ಅವರ ಕಂಬಳಿಯನ್ನು ಕಿವಿತನಕ ಹೊದ್ದು ಮಲಗಿತ್ತು.

"ಅಳಿಯಂದ್ರೇ, ಇದೇನಿದು?"

"ಚಳಿ ಮಾವಾ, ಅದಕ್ಕೆ. ಮೈ ಬಿಸಿ ಆಗ್ತಾನೇ ಇಲ್ಲ."

ಮಾವ ಅಳಿಯನನ್ನೂ ಗುಡ್ಡೆಯನ್ನೂ ಒಂದೊಂದು ಸಲ ನೋಡಿದರು. ಮನೆಗೆ ಬಂದು, "ಹೋಗ್ಲಿ ಬಿಡಮ್ಮಾ, ಒಳ್ಳೇ ಮನುಷ್ಯ. ಕುಡಿಯಲ್ಲ, ಹೊಡೆಯಲ್ಲ," ಎಂದು ಮಗಳ ತಲೆ ಸವರಿದರು. ಸಂಜೆ ಮಾತ್ರ ಯಾರಿಗೂ ಹೇಳದೆ ಮತ್ತೆ ತೋಟಕ್ಕೆ ಹೋಗಿ, ಕಂಬಳಿ ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟು ಬಂದರು.

ಗೋಡೆಯಾಚೆ ಉಬ್ಬಿ ನಿಂತ ಕಂಬಳಿ ಕಂಡ ಮೇಲೆ ಮೂಲೆಮನೆ ಅಜ್ಜಿಗೆ ತಡೆಯಲಾಗಲಿಲ್ಲ. ಕೊಡೆ ಹಿಡಿದುಕೊಂಡು ವಾರ್ಡ್ ಆಫೀಸಿಗೇ ಹೋದರು.

"ಇನ್ಸ್‌ಪೆಕ್ಟ್ರೇ, ಟ್ಯಾಂಕಿನ ಪಕ್ಕ ಯಾರನ್ನೋ ಮಲಗಿಸಿದಾರೆ. ಭಾರೀ ಜ್ವರ. ಮೊದಲು ಐಸ್ ಇಟ್ರು, ಫ್ಯಾನ್ ಹಾಕಿದ್ರು. ಈಗ ಕಂಬಳಿ ಹೊದಿಸಿದಾರೆ. ದಿನಾ ಥರ್ಮಾಮೀಟರ್ ಇಡ್ತಾರೆ. ಡಾಕ್ಟರ್ ಮಾತ್ರ ಒಂದು ಸಲನೂ ಬಂದಿಲ್ಲ."

"ಯಾರಮ್ಮಾ ಅದು?"

"ಮುಖ ಕಾಣಲ್ಲಪ್ಪಾ. ಆದ್ರೆ ತುಂಬಾ ದಪ್ಪ ಇದಾರೆ."

ಇನ್ಸ್‌ಪೆಕ್ಟರ್ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬೆನ್ನಿಗೆ ಔಷಧಿ ಡಬ್ಬ ಹೊತ್ತ ಇಬ್ಬರನ್ನು ಹಿಂದಿಟ್ಟುಕೊಂಡು ಬಂದೇಬಿಟ್ಟರು. ಅವರ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಅರ್ಧ ಬೀದಿ. ಕಾಂಪೌಂಡರ್ ಒಬ್ಬನೇ ಇದ್ದ. ಇನ್ಸ್‌ಪೆಕ್ಟರ್ ಕೋಲಿನ ತುದಿಯಿಂದ ಕಂಬಳಿ ಎತ್ತಿದರು. ಕೂದಲು ಮೆತ್ತಿದ ಒಂದು ಬದನೆಕಾಯಿ ತೊಟ್ಟು ಹೊರಗೆ ಇಣುಕಿತು.

"ಕಸಾ!" ಎಂದು ಕಿರುಚಿದರು ಇನ್ಸ್‌ಪೆಕ್ಟರ್. "ಮಕ್ಕಳು ಓಡಾಡೋ ಜಾಗದಲ್ಲಿ ಕಸಕ್ಕೆ ಕಂಬಳಿ ಹೊದಿಸಿ ರೋಗ ಸಾಕ್ತಾ ಇದೀರಾ? ಹೊಡೀರೋ ಔಷಧಿ! ಒಂದು ಹುಳಾನೂ ಉಳೀಬಾರದು."

"ಸಾರ್, ಬೇಡ! ಒಳಗಿರೋ ಜೀವಗಳೆಲ್ಲ ಸತ್ತುಹೋಗ್ತವೆ. ಆಮೇಲೆ ಆ ವಿಷ ಮಕ್ಕಳ ಹೊಟ್ಟೆಗೇ ಹೋಗುತ್ತೆ."

"ಹೊಡೀರೋ!"

ಕಾಂಪೌಂಡರ್ ಹುಟ್ಟಿದಾಗಿನಿಂದ ಯಾರಿಗೂ ಎದುರು ನಿಂತವನಲ್ಲ. ಬಸ್ಸಿನಲ್ಲಿ ಸೀಟು ಕೂಡ ಕೇಳಿ ಪಡೆದವನಲ್ಲ. ಅಂಥವನು ಆಗ ಎರಡು ಕೈ ಚಾಚಿ, ಇದ್ದ ಉದ್ದವನ್ನೆಲ್ಲ ಬಳಸಿ, ದಬಕ್ಕೆಂದು ಗುಡ್ಡೆಯ ಮೇಲೆ ಬೋರಲು ಬಿದ್ದ.

"ಏಳ್ರೀ ಮೇಲೆ!"

"ಏಳಲ್ಲ ಸಾರ್. ಹೊಡೆಯೋದಾದ್ರೆ ನನ್ನ ಮೇಲೆ ಹೊಡೀರಿ."

"ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡ್ತಿದೀರಿ!"

"ಹೌದು ಸಾರ್, ಮಾಡ್ತಿದೀನಿ."

ಇಷ್ಟು ಸಲೀಸಾಗಿ ಒಪ್ಪಿಕೊಂಡವರನ್ನು ಇನ್ಸ್‌ಪೆಕ್ಟರ್ ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ. ಮುಂದೇನು ಹೇಳಬೇಕೆಂದು ಅವರು ಯೋಚಿಸುತ್ತಿರುವಾಗ ಕಾಂಪೌಂಡರನ ಮುಖ ಬದಲಾಯಿತು. ಮೊದಲು ಹುಬ್ಬು ಏರಿತು. ಆಮೇಲೆ ಬಾಯಿ ತೆರೆಯಿತು. ಕೆಳಗಿನಿಂದ, ಅಂಗಿ ದಾಟಿ, ಹೊಟ್ಟೆಗೆ ಏನೋ ತಟ್ಟುತ್ತಿತ್ತು. ಬೆಚ್ಚಗೆ. ಅಲ್ಲ, ಬೆಚ್ಚಗಲ್ಲ. ಸುಡು ಸುಡು.

"ಬಂತು," ಎಂದ ಅವನು, ಪಿಸುಮಾತಿನಲ್ಲಿ.

"ಏನು ಬಂತು?"

"ಜ್ವರ! ಜ್ವರ ಬಂತು ಸಾರ್! ಬಂದೇಬಿಡ್ತು!" ಎಂದು ಕಾಂಪೌಂಡರ್ ಕಣ್ಣಲ್ಲಿ ನೀರು ತುಂಬಿಕೊಂಡು ಎದ್ದು, ಹತ್ತಿರದಲ್ಲಿದ್ದ ಮನುಷ್ಯರನ್ನು ತಬ್ಬಿಕೊಂಡ. ಹತ್ತಿರದಲ್ಲಿದ್ದವರು ಇನ್ಸ್‌ಪೆಕ್ಟರ್.

ಔಷಧಿ ಡಬ್ಬ ಹೊತ್ತವರಲ್ಲಿ ಒಬ್ಬ ಗೋಡೆ ಹಾರಿದ. ಇನ್ನೊಬ್ಬ ಡಬ್ಬದ ಭಾರಕ್ಕೆ ಹಾರಲಾಗದೆ ಗೋಡೆಯ ಮೇಲೆ ಸಿಕ್ಕಿಕೊಂಡ. ಅರ್ಧ ಬೀದಿ ಬಂದ ದಾರಿಯಲ್ಲೇ ಹಿಂದಕ್ಕೆ ಹರಿಯಿತು. ಅಜ್ಜಿ ಮಾತ್ರ ಕದಲಲಿಲ್ಲ. "ನಾನು ಹೇಳ್ಲಿಲ್ವಾ?" ಎಂದರು.

ಗಲಾಟೆ ಕೇಳಿ ಓಡಿಬಂದ ಟೀಚರ್, ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದ ಇನ್ಸ್‌ಪೆಕ್ಟರನ್ನು ಬಿಡಿಸಿ, ಅವರ ಕೈ ಹಿಡಿದು ಗುಡ್ಡೆಯೊಳಗೆ ತೂರಿಸಿದರು.

"ಅಯ್ಯಪ್ಪಾ! ಒಳಗೆ ಯಾರ್ರೀ ಬೆಂಕಿ ಹಾಕಿದ್ದು?"

"ಯಾರೂ ಇಲ್ಲ ಸಾರ್. ಕಣ್ಣಿಗೆ ಕಾಣದ ಜೀವಗಳು, ಕೋಟಿಗಟ್ಟಲೆ, ಊಟಕ್ಕೆ ಕೂತಿವೆ. ಮಣ್ಣು ಮಾಡೋದು ಅವೇ."

"ಕೋಟಿಗಟ್ಟಲೆ?" ಇನ್ಸ್‌ಪೆಕ್ಟರ್ ಸುಟ್ಟ ಬೆರಳು ಊದಿಕೊಂಡರು. "ಅಷ್ಟು ಜನ ಸೇರೋಕೆ ಪರ್ಮಿಷನ್ ತಗೊಂಡಿದೀರಾ?"

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ಇನ್ಸ್‌ಪೆಕ್ಟರ್ ಹೋಗುವಾಗ ಗೇಟಿನಲ್ಲಿ ತಿರುಗಿ ನಿಂತು, "ನಾನು ಕೇಳಿದ್ದು ಮಣ್ಣು, ಜ್ವರ ಅಲ್ಲ. ಶಾಲೆ ತೆರೆಯೋ ದಿನ ನೋಡ್ತೀನಿ," ಎಂದರು.

ಅಲ್ಲಿಂದ ಮುಂದೆ ತಿರುವಿ ಹಾಕಿದ್ದೇ ಹಾಕಿದ್ದು. ಪ್ರತಿ ಸಲ ತಿರುವಿದಾಗಲೂ ಗುಡ್ಡೆ ತಣ್ಣಗಾಗಿ ಮತ್ತೆ ಕಾಯುತ್ತಿತ್ತು, ಪ್ರತಿ ಸಲವೂ ಕಾಂಪೌಂಡರನ ಜೀವ ಬಾಯಿಗೆ ಬಂದು ಒಳಗೆ ಹೋಗುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಅದು ಕಾಯಲೇ ಇಲ್ಲ. ಅವನು ಟೀಚರ ಮನೆಗೆ ಓಡಿದ.

"ಹೋಯ್ತು ಟೀಚರ್! ತಣ್ಣಗೆ ಮಲಗಿಬಿಟ್ಟಿದೆ! ನಾನೇನೂ ಮಾಡಿಲ್ಲ, ಮಗಳಾಣೆ!"

ಟೀಚರ್ ಬಂದು ಒಂದು ಹಿಡಿ ತೆಗೆದು ಅವನ ಮೂಗಿನ ಮುಂದೆ ಹಿಡಿದರು. ಎಲೆ ಇರಲಿಲ್ಲ, ಸಗಣಿ ಇರಲಿಲ್ಲ, ಸಿಪ್ಪೆ ಇರಲಿಲ್ಲ. ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆ ಬಿದ್ದ ನೆಲದ ವಾಸನೆ. "ಊಟ ಮುಗೀತು ಕಾಂಪೌಂಡ್ರೇ. ಈಗ ತಣ್ಣಗಾಗಲೇಬೇಕು," ಎಂದರು. ಅವನು ಆ ಹಿಡಿಯನ್ನು ಇಸಿದುಕೊಂಡು ಮತ್ತೆ ಮತ್ತೆ ಮೂಸಿದ.

ಶಾಲೆ ತೆರೆದ ದಿನ ಮಕ್ಕಳು ಬೋಗುಣಿ, ಚೊಂಬು, ಟಿಫಿನ್ ಡಬ್ಬದ ಮುಚ್ಚಳ ಹೀಗೆ ಕೈಗೆ ಸಿಕ್ಕಿದ್ದನ್ನು ಹಿಡಿದು ಸಾಲಾಗಿ ನಿಂತರು. ಗೊಬ್ಬರ ಹಂಚಿದವಳು ಕಾಂಪೌಂಡರನ ಮಗಳು. ಅಪ್ಪನ ಗೊಬ್ಬರ ಎಂಬ ಜಂಬಕ್ಕೆ ಕೇಳಿದವರಿಗೆಲ್ಲ ತುಂಬಿ ತುಂಬಿ ಕೊಟ್ಟಳು, ಎರಡನೇ ಸಲ ಬಂದವರಿಗೂ ಕೊಟ್ಟಳು. ಇನ್ಸ್‌ಪೆಕ್ಟರ್ ಕಲ್ಲು ಹಾಸುವವನನ್ನು ಅಳತೆ ಟೇಪಿನ ಸಮೇತ ಕರೆದುಕೊಂಡೇ ಬಂದಿದ್ದರು. ಪಾತಿ ಪಾತಿಗೂ ಹೋಗಿ ಬಗ್ಗಿ ನೋಡಿದರು, ಮುಟ್ಟಿ ನೋಡಿದರು, ಮೂಸಿ ನೋಡಿದರು. "ವಾಸನೆಯೇ ಇಲ್ವಲ್ಲ," ಎಂದರು, ದೊಡ್ಡ ನಿರಾಸೆಯಿಂದ. ಅಷ್ಟರಲ್ಲಿ ಮಕ್ಕಳು ಬೀಜ ಊರಿ, ನೀರು ಹೊಯ್ದು, ಹೊಯ್ದ ನೀರನ್ನು ಇನ್ಸ್‌ಪೆಕ್ಟರ ಪ್ಯಾಂಟಿಗೂ ಸಿಡಿಸಿ ಆಗಿತ್ತು. ಅವರು ಟೇಪು ಮಡಿಸಿಕೊಳ್ಳುವಂತೆ ಕೈಸನ್ನೆ ಮಾಡಿ, ಗಾಡಿಗಳನ್ನು ಇನ್ನೆಲ್ಲಿ ನಿಲ್ಲಿಸುವುದೋ ಎಂದು ಗೊಣಗುತ್ತ ಹೊರಟುಹೋದರು.

ಎಲ್ಲರೂ ಕುಣಿದರು. ಕುಣಿಯದೆ ನಿಂತವಳು ಒಬ್ಬಳೇ.

"ಅಪ್ಪಾ," ಎಂದಳು ಮಗಳು, ಖಾಲಿ ಬೋಗುಣಿ ಹಿಡಿದು. "ನಂಗೇ ಇಲ್ಲ."

ಗುಡ್ಡೆ ಇದ್ದ ಜಾಗ ಬಟ್ಟ ಬಯಲಾಗಿತ್ತು. ಕಾಂಪೌಂಡರ್ ಮಂಡಿಯೂರಿ ಎರಡೂ ಕೈಯಿಂದ ಬಾಚಿದ. ಅಂಚಿನಲ್ಲಿ ಒಂದು ಚಿಟಿಕೆ ಸಿಕ್ಕಿತು, ಮೂಲೆಯಲ್ಲಿ ಇನ್ನೊಂದು ಚಿಟಿಕೆ. ಊರ ಮಕ್ಕಳಿಗೆಲ್ಲ ಮಾಡಿದ್ದು, ತನ್ನ ಮಗುವಿಗೇ ಇಲ್ಲ. ಅವನ ಕಣ್ಣು ಮಂಜಾಯಿತು. ಇನ್ನಷ್ಟು ಬಾಚಿದ. ಬಾಚಿದಂತೆ ಬೆರಳು ಒಳಗೆ ಇಳಿಯಿತು. ಗಾರೆಯಂತಿದ್ದ ನೆಲದಲ್ಲಿ ಬೆರಳು ಇಳಿಯುವುದೆಂದರೇನು? ಅಂಗೈ ಒತ್ತಿದ, ಮಣಿಕಟ್ಟಿನ ತನಕ ಹೋಯಿತು. ಕೆಳಗೂ ಕಪ್ಪು, ಮೆತ್ತಗೆ, ಒಂದು ಎರೆಹುಳು ಬೇರೆ ಬೆಳಕಿಗೆ ಬೇಜಾರಾಗಿ ಒಳಗೆ ಜಾರಿತು.

"ಅವಳ ಪಾತಿ ಅಲ್ಲೇ ಆಗ್ಲಿ," ಎಂದರು ಟೀಚರ್, ಹಿಂದೆ ಬಂದು ನಿಂತು. "ಇಷ್ಟು ದಿನ ಗುಡ್ಡೆಯ ಸಾರ ಎಲ್ಲಾ ಅಲ್ಲಿಗೇ ಇಳಿದಿದೆ. ಇಡೀ ತೋಟದಲ್ಲಿ ಅದಕ್ಕಿಂತ ಒಳ್ಳೆ ಮಣ್ಣಿಲ್ಲ."

ಅಪ್ಪ ಮಗಳು ಇಬ್ಬರೂ ಸೇರಿ ಗುಂಡಿ ತೋಡಿ ಕುಂಬಳದ ಬೀಜ ಊರಿದರು. ಬಳ್ಳಿ ಹಬ್ಬಲು ಸುತ್ತ ಬೇಕಾದಷ್ಟು ಜಾಗವಿತ್ತು, ಯಾರ ಕಲ್ಲನ್ನೂ ತಳ್ಳಬೇಕಾಗಿರಲಿಲ್ಲ. ಬುಟ್ಟಿಗಳನ್ನು ಮನೆಗೆ ಒಯ್ಯಲು ಬಂದ ಹೆಂಡತಿಯೂ ಪಕ್ಕದಲ್ಲಿ ಕೂತಳು.

"ಅಪ್ಪಾ, ಇದು ಯಾವಾಗ ಮೊಳಕೆ ಬರುತ್ತೆ?"

ಕಾಂಪೌಂಡರ್ ಬಾಯಿ ತೆರೆದ. ಟೈಲರ್ ಕತ್ತು ಉದ್ದ ಮಾಡಿಕೊಂಡು ಕೇಳುತ್ತಿದ್ದ.

"ನಂಗೊತ್ತಿಲ್ಲ ಪುಟ್ಟೀ," ಎಂದ ಕಾಂಪೌಂಡರ್. "ಟೀಚರ್‌ನ ಕೇಳೋಣ ಬಾ."

ಹೆಂಡತಿ ಗಾಬರಿಯಾಗಿ ಕೈ ಚಾಚಿ ಅವನ ಹಣೆ ಮುಟ್ಟಿ ನೋಡಿದಳು. ತಣ್ಣಗೆ ಇತ್ತು.